ಗಾಡಿಯಲ್ಲಿ ಬರುತ್ತಿದ್ದ ಮಣ್ಣು

ದೊಡ್ಡಬಳ್ಳಾಪುರದ ಹಳೇ ಪೇಟೆಯ ಹಿಂದೆ ಯಾರೋ ಮನೆ ಕಟ್ಟಿಸಲು ಪಾಯ ತೆಗೆಸುತ್ತಿದ್ದಾರೆ. ಮೊನ್ನೆ ಸಂಜೆ ಕೋಲೂರಿಕೊಂಡು ಆ ಕಡೆ ಹೋದವನು ಅಗೆದು ಹಾಕಿದ ಮಣ್ಣಿನ ಗುಡ್ಡೆಯ ಪಕ್ಕ ನಿಂತುಬಿಟ್ಟೆ. ಆಗಷ್ಟೇ ನಾಲ್ಕು ಹನಿ ಮಳೆ ಬಿದ್ದಿತ್ತು. ಆ ಮಣ್ಣಿನಿಂದ ಎಳ್ಳೆಣ್ಣೆ, ಹುಳಿ ಮಜ್ಜಿಗೆ, ಅರಿಶಿನ, ಬೇವು ಎಲ್ಲ ಸೇರಿದ ಒಂದು ಹಳೆಯ ಕಮಟು ವಾಸನೆ ಏಳುತ್ತಿತ್ತು. ಮಂಕರಿ ಹೊರುತ್ತಿದ್ದ ಹೆಂಗಸೊಬ್ಬಳು, “ಇದೇನ್ ತಾತ, ಈ ಮಣ್ಣು ಯಾರ್ದೋ ಮೈ ವಾಸ್ನೆ ಹೊಡೀತದೆ” ಎಂದಳು. ಅವಳು ಹೇಳಿದ್ದು ನಿಜವೇ. ಆ ಮಣ್ಣಿನಲ್ಲಿ ನನ್ನ ಬೆವರೂ ಇದೆ. ನನಗಿಂತ ಹೆಚ್ಚಾಗಿ ಸಾಹುಕಾರನದು ಇದೆ...

ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಒಮ್ಮೆಯೂ ಹಾಗೆ ಕರೆದವನಲ್ಲ. ನನ್ನ ಸೊಂಟ ಮುರಿಸಿದವನ ಮೇಲೆ ನನಗೆ ಇಷ್ಟಾದರೂ ಸಲಿಗೆ ಇರಲಿ.

ಯುದ್ಧದ ಕಾಲ ಅದು. ಸಾಹುಕಾರನದು ರೇಷ್ಮೆ ನೂಲಿನ ವ್ಯಾಪಾರ. ಆದರೆ ಅವನ ಮುರಿದ ಕಿವಿಗಳನ್ನು ನೋಡಿದವರಿಗೆ ಅವನು ಹರೆಯದಲ್ಲಿ ಕುಸ್ತಿಯವನೆಂದು ತಿಳಿಯುತ್ತಿತ್ತು. ನೂಲಿನಲ್ಲಿ ಬಂದದ್ದನ್ನೆಲ್ಲ ಸುರಿದು ಅವನೊಂದು ಕುಸ್ತಿ ಕಂಪನಿ ಕಟ್ಟಿದ್ದ. ನಾಟಕದ ಕಂಪನಿಗಳು ಊರೂರು ತಿರುಗಿ ಟಿಕೆಟ್ಟು ಮಾರುವ ಹಾಗೆ ನಾವು ತಗಡಿನ ಬೇಲಿ ಕಟ್ಟಿ ಕುಸ್ತಿ ತೋರಿಸುತ್ತಿದ್ದೆವು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಎಲ್ಲ ಕಡೆಯೂ. ನಾನು ದೊಡ್ಡಬೆಳವಂಗಲದಿಂದ ಬಂದು ಸೇರಿದವನಾದ್ದರಿಂದ ನನ್ನನ್ನು ಅವನು ‘ಬೆಳವಂಗಲ’ ಎಂದೇ ಕರೆಯುತ್ತಿದ್ದ. ನನ್ನ ಹೆಸರು ಅವನಿಗೆ ಗೊತ್ತಿತ್ತೋ ಇಲ್ಲವೋ ಕಾಣೆ.

ಈಗ ಪಾಯ ತೆಗೆಯುತ್ತಿರುವ ಜಾಗವೇ ಆಗ ಅವನ ಗರಡಿ. ಅಲ್ಲಿ ಅವನದು ಒಂದೇ ಕಾನೂನು. ಗುದ್ದಲಿ ಹಿಡಿಯದವನು ಮಟ್ಟಿಗೆ ಇಳಿಯಬಾರದು. ಮಟ್ಟಿ ಎಂದರೆ ಕುಸ್ತಿ ಆಡುವ ಮಣ್ಣಿನ ಅಂಕಣ. ಬೆಳಗಾಗೆದ್ದು ಪ್ರತಿಯೊಬ್ಬ ಪೈಲ್ವಾನನೂ ಅದನ್ನು ಅಗೆದು, ಹೆಂಟೆಗಳನ್ನು ಅಂಗೈಯಲ್ಲಿ ಪುಡಿಮಾಡಿ, ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡಬೇಕು. ಸಾಹುಕಾರನೂ ಅಗೆಯುತ್ತಿದ್ದ. ಆಮೇಲೆ ಬರಿಗಾಲಲ್ಲಿ ಮಟ್ಟಿಯ ತುಂಬ ಓಡಾಡುತ್ತಿದ್ದ. ಕಾಲಿಗೆ ಒಂದು ಸಣ್ಣ ಕಲ್ಲು ತಗುಲಿದರೂ ಸಾಕು, ಆ ಜಾಗ ಅಗೆದವನನ್ನು ಕರೆದು ಅದನ್ನು ಬಾಯಿಗೆ ಹಾಕುತ್ತಿದ್ದ. ಮಧ್ಯಾಹ್ನದ ಮುದ್ದೆಗೆ ಕೂರುವ ತನಕ ಆ ಕಲ್ಲನ್ನು ದವಡೆಯಲ್ಲಿ ಇಟ್ಟುಕೊಂಡೇ ಬಸ್ಕಿ ಹೊಡೆಯಬೇಕು. ಕೆನ್ನೆ ಊದಿಸಿಕೊಂಡು ಬಸ್ಕಿ ಹೊಡೆಯುವವನನ್ನು ನೋಡಿ ಉಳಿದವರೆಲ್ಲ ನಗಬೇಕು. ನಗದವನಿಗೂ ಒಂದು ಕಲ್ಲು ಸಿಗುತ್ತಿತ್ತು. ನನ್ನ ಒಂದು ಹಲ್ಲು ಹೋದದ್ದು ಹಾಗೆಯೇ.

ಕ್ರೂರಿ, ಆದರೆ ಕಂಪನಿ ನಡೆಸಲು ಬಲ್ಲವನಾಗಿದ್ದ. ಯಾವ ಊರಿಗೆ ಹೋದರೂ ನಮ್ಮ ಮಣ್ಣು ನಮ್ಮ ಜೊತೆ ಬರುತ್ತಿತ್ತು. ಎತ್ತಿನ ಗಾಡಿಗಳಲ್ಲಿ ಗರಡಿಯ ಮಣ್ಣು ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿ, ಮುಂದೆ ತಮಟೆ ಬಡಿಸಿಕೊಂಡು ಊರು ಹೊಗುತ್ತಿದ್ದೆವು. ಜನ ಪೈಲ್ವಾನರಿಗಿಂತ ಮೊದಲು ಮಣ್ಣನ್ನು ನೋಡಲು ಬರುತ್ತಿದ್ದರು. ಮುದುಕರು ಒಂದು ಚಿಟಿಕೆ ತೆಗೆದು ಮೂಸಿ ತಲೆದೂಗುತ್ತಿದ್ದರು. ಆಟದ ಹಿಂದಿನ ದಿನ ಎಲ್ಲರೆದುರಿಗೆ ಜೋಡಿ ಕಟ್ಟುವುದು. ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟು ಸುತ್ತು ತರುತ್ತಿದ್ದರು. ಯಾರ ಮೇಲೆ ಯಾರು ಕುಸ್ತಿಗೆ ಇಳಿಯುತ್ತಾರೋ ಅವರಿಬ್ಬರೂ ಎಲೆ ಎತ್ತಿಕೊಳ್ಳಬೇಕು. ಎಲೆ ಎತ್ತಿದ ಮೇಲೆ ಸಾಹುಕಾರನೂ ನಡುವೆ ಬಾಯಿ ಹಾಕುತ್ತಿರಲಿಲ್ಲ. ಸೋಲು ಗೆಲುವು ಮಣ್ಣಿಗೆ ಬಿಟ್ಟದ್ದು. ಆ ನಂಬಿಕೆಯಿಂದಲೇ ಬೆಂಗಳೂರಿನ ದಂಡಿನಿಂದ ಸೋಲ್ಜರುಗಳು ಕೂಡ ಲಾರಿ ಹತ್ತಿ ಬರುತ್ತಿದ್ದರು.

ಆಮೇಲೆ ಅಳಿಯ ಬಂದ...

ಸಾಹುಕಾರನಿಗೆ ಒಬ್ಬಳೇ ಮಗಳು. ಬೆಂಗಳೂರಿನ ಹುಡುಗನಿಗೆ ಕೊಟ್ಟು ಮನೆ ಅಳಿಯನನ್ನಾಗಿ ಮಾಡಿಕೊಂಡ. ನೋಡಲು ಬಲು ಲಕ್ಷಣವಾಗಿದ್ದ. ಎದೆ, ತೋಳು, ಗುಂಗುರು ಕೂದಲು, ಎಲ್ಲವೂ ಕ್ಯಾಲೆಂಡರಿಗೆ ತಕ್ಕಂತೆ. ಕುಸ್ತಿಯೊಂದು ಬಿಟ್ಟು ಬೇರೆಲ್ಲ ಬರುತ್ತಿತ್ತು. ಅವನ ಪಟ ಹಾಕಿ ದೊಡ್ಡ ದೊಡ್ಡ ಪೋಸ್ಟರು ಅಚ್ಚಾದವು. ಮೊದಲ ದಿನ ಬೆಳಿಗ್ಗೆ ನಾನು ಗುದ್ದಲಿ ಕೊಡಲು ಹೋದಾಗ ಅವನು ಅಂಗೈ ನೋಡಿಕೊಂಡು ಮಾವನ ಮುಖ ನೋಡಿದ. ಸಾಹುಕಾರ, “ಅವ್ರಿಗೆ ಬೇಡ ಬಿಡು ಬೆಳವಂಗಲ. ಕೈ ಬೊಬ್ಬೆ ಬಂದ್ರೆ ಪಟಕ್ಕೆ ಚೆನ್ನಾಗಿರಲ್ಲ” ಎಂದ.

ಕಂಪನಿ ಬಿದ್ದದ್ದು ಆವತ್ತೇ. ನಮಗೆ ಗೊತ್ತಾದದ್ದು ತಡವಾಗಿ.

ಒಬ್ಬನಿಗೆ ಬಿಟ್ಟ ಮೇಲೆ ಇನ್ನೊಬ್ಬನಿಗೆ ಬೇಡವೇ. ಪೋಸ್ಟರಿನ ಮೂಲೆಯಲ್ಲಿ ಬೆರಳಿನಷ್ಟು ಪಟ ಬಂದವನೂ ನಾಳೆಯಿಂದ ಅಗೆಯುವುದಿಲ್ಲ ಎಂದ. ಅಗೆಯಲು ಕೂಲಿಯವರು ಬಂದರು. ಅವರು ಮೇಲೆ ಮೇಲೆ ಕೆರೆದು ಹೋದರು. ನಮ್ಮಲ್ಲಿ ಹಿರಿಯನಾಗಿದ್ದ ನೆಲಮಂಗಲದ ಪೈಲ್ವಾನ ಒಂದು ಬೆಳಿಗ್ಗೆ ಗುದ್ದಲಿಯನ್ನು ಸಾಹುಕಾರನ ಕಾಲ ಬಳಿ ಇಟ್ಟು, “ಬರ್ತೀನಿ. ಇದು ಗರಡಿ ಆಗಿ ಉಳೀಲಿಲ್ಲ, ನಿಮ್ಮ ಬೀಗರ ಮನೆ ಆಗೋಯ್ತು” ಎಂದು ಹೊರಟುಹೋದ. ಸಾಹುಕಾರ ಅವನ ಹಾಸಿಗೆಯನ್ನು ಬೀದಿಗೆ ಎಸೆಸಿದ. ಅದರಲ್ಲಿ ಅವನ ತೀರಿಹೋದ ಮಗುವಿನ ಕುಲಾವಿ ಇತ್ತು. ಅದೂ ಮೋರಿಗೆ ಬಿತ್ತು.

ಉಳಿದವರಲ್ಲಿ ಗಟ್ಟಿಗ ನಾನೇ. ಆದ್ದರಿಂದ ಅಳಿಯನ ಎದುರು ಬೀಳುವ ಕೆಲಸ ನನ್ನ ಪಾಲಿಗೆ ಬಂತು. ಚೆನ್ನಾಗಿ ಬೀಳಲು ಬಲ್ಲವನು ಬಿದ್ದರೆ ತಾನೇ ಗೆದ್ದವನಿಗೆ ಶೋಭೆ. ಅಳಿಯ ನನ್ನ ಎಡ ಭುಜದ ಮೇಲೆ ತಟ್ಟಿದರೆ ನಾನು ಮೈ ಸಡಿಲ ಬಿಡಬೇಕು, ಅವನು ಸೊಂಟ ಕೊಟ್ಟು ಎಸೆಯಬೇಕು. ನಾನು ಒಪ್ಪದಿದ್ದಾಗ ಸಾಹುಕಾರ ನನ್ನ ತೋಳು ಹಿಡಿದು, “ಈ ಸಲ ಊರೂರಿನ ಒಂದು ಸುತ್ತು ಹೆಂಗೋ ಆಗ್ಲಿ ಕಣೋ. ಆಮೇಲೆ ದೇವನಹಳ್ಳೀಲಿ ನಿಂಗೂ ಅವ್ರಿಗೂ ಬಿಡು ಕುಸ್ತಿ. ಎಲೆ ಮೇಲಾಣೆ” ಎಂದ. ಬಿಡು ಕುಸ್ತಿ ಎಂದರೆ ಒಳ ಒಪ್ಪಂದವಿಲ್ಲದ ನಿಜವಾದ ಕುಸ್ತಿ. ನನಗೆ ಅದೊಂದು ಸಿಕ್ಕಿದರೆ ಸಾಕಾಗಿತ್ತು. ಊರೂರಲ್ಲಿ ಬೀಳುತ್ತಾ ನಾನು ದೇವನಹಳ್ಳಿಗಾಗಿ ಕಾದೆ.

ಜನ ಕುರುಡರಲ್ಲ. ಹೊಸಕೋಟೆಯಲ್ಲಿ ನಾನು ಬಿದ್ದು ಮಲಗಿದ್ದಾಗ ಬೇಲಿಯ ಪಕ್ಕ ಕೂತಿದ್ದ ಒಬ್ಬ ಮುದುಕ, “ಏಳಪ್ಪಾ ಏಳು, ಮೀಸೆಗೆ ಮಣ್ಣಾಗಿಲ್ಲ” ಎಂದ. ಅದಕ್ಕೆ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಮುಂದಿನ ಊರಿನಲ್ಲಿ ಬೇಲಿಯೊಳಗೆ ಅರ್ಧ ಜಾಗ ಖಾಲಿ. ಸಾಹುಕಾರ ಅದಕ್ಕೆ ಕಂಡುಕೊಂಡ ಮದ್ದು ಇನ್ನೂ ದೊಡ್ಡ ಪೋಸ್ಟರು, ಬ್ಯಾಂಡು ಸೆಟ್ಟು, ದೊಡ್ಡವರಿಗೆ ಬೆತ್ತದ ಕುರ್ಚಿ. ಯುದ್ಧದಲ್ಲಿ ಎಣ್ಣೆ ತುಟ್ಟಿಯಾಯಿತೆಂದು ಮಟ್ಟಿಗೆ ಎಣ್ಣೆ ನಿಲ್ಲಿಸಿದ. ಅಳಿಯನ ಮೈಗೆ ಮಾತ್ರ ನಿಲ್ಲಿಸಲಿಲ್ಲ, ದೀಪದ ಬೆಳಕಿಗೆ ಅದು ಹೊಳೆಯಬೇಕಿತ್ತಲ್ಲ. ಕಡೆಗೆ ಮಣ್ಣಿನ ಗಾಡಿಗಳಿಗೂ ಕುರ್ಚಿ ತುಂಬಿಸಿದ. ಮಣ್ಣು ಎಲ್ಲಿ ಎಂದು ಕೇಳಿದೆ. “ಎಲ್ಲಾ ಊರಲ್ಲೂ ಭೂಮಿ ಮಣ್ಣಿಂದೇ ಅಲ್ವೇನೋ” ಎಂದ. ಮಟ್ಟಿಯಲ್ಲಿ ಒಂದು ಕಲ್ಲು ಸಿಕ್ಕಿದ್ದಕ್ಕೆ ನನ್ನ ಹಲ್ಲು ತೆಗೆಸಿದವನು ಆಡಿದ ಮಾತು ಇದು.

ದೇವನಹಳ್ಳಿಯಲ್ಲಿ ಬಿಡು ಕುಸ್ತಿ ಎಂದು ಡಂಗುರ ಹಾಕಿಸಿದ್ದರಿಂದ ಜನ ಮತ್ತೆ ಕಿಕ್ಕಿರಿದರು. ನಲ್ಲೂರಿನ ಕಡೆಯಿಂದೆಲ್ಲ ಗಾಡಿ ಕಟ್ಟಿಕೊಂಡು ಬಂದಿದ್ದರು. ಹಿಂದಿನ ದಿನ ನಾನು ಎಲ್ಲರೆದುರಿಗೆ ಎಲೆ ಎತ್ತಿದ್ದೆ. ಅಳಿಯನೂ ಎತ್ತಿದ್ದ, ಮುಖ ಬಿಳಿಚಿಕೊಂಡು. ಆಟಕ್ಕೆ ಮೊದಲು ಮಟ್ಟಿಗೆ ಹೋಗಿ ಹಿಮ್ಮಡಿ ಊರಿ ನೋಡಿದೆ. ಮೇಲೆ ಬೆರಳಿನ ದಪ್ಪಕ್ಕೆ ಕೆಮ್ಮಣ್ಣು ಉದುರಿಸಿದ್ದರು. ಕೆಳಗೆ ಗಾಡಿಗಳು ಓಡಾಡಿ ಓಡಾಡಿ ಕಲ್ಲಾದ ಬಯಲು.

“ಸಾಹುಕಾರ್ರೇ, ನೆಲ ಗಟ್ಟಿ ಅದೆ. ಇವತ್ತು ಬೇಡ. ಮಣ್ಣು ತರ್ಸಿ, ನಾಳೆ ಆಡ್ತೀವಿ” ಎಂದೆ.

“ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಅಳಿಯಂದ್ರು ಒಂದಿನಾನೂ ಗಟ್ಟಿ ಅಂದಿಲ್ವಲ್ಲ.”

“ಅವ್ರು ಒಂದಿನಾನೂ ಬಿದ್ದಿಲ್ಲ. ಅವ್ರಿಗೆ ಹೆಂಗೆ ಗೊತ್ತಾಗ್ತದೆ?”

ಸಾಹುಕಾರ ಮೆಟ್ಟು ಹಾಕಿಕೊಂಡೇ ಮಟ್ಟಿಯ ಮೇಲೆ ನಿಂತಿದ್ದ. ಅವನು ದನಿ ತಗ್ಗಿಸಿ, “ಮಗಳು ಬಸುರಿ, ಮುಂದ್ಗಡೆ ಕೂತವ್ಳೆ. ಅವಳ ಕಣ್ಮುಂದೆ ಗಂಡನ್ನ ಕೆಡವ್ತೀಯೇನೋ? ಇವತ್ತೂ ನೀನೇ ಬೀಳು. ಬೀಳೋಕೇ ಅಲ್ವೇನಪ್ಪಾ ನಿನ್ನ ಸಾಕಿರೋದು” ಎಂದ.

ಎತ್ತಿಕೊಂಡ ಎಲೆ ಇನ್ನೂ ನನ್ನ ಚಡ್ಡಿಯ ಮಡಿಕೆಯಲ್ಲಿತ್ತು.

ಕುಸ್ತಿ ಶುರುವಾಯಿತು. ಅಳಿಯ ಬಂದು ನನ್ನ ಎಡ ಭುಜಕ್ಕೆ ತಟ್ಟಿದ. ನಾನು ಸಡಿಲ ಬಿಡಲಿಲ್ಲ. ಅವನ ಕಣ್ಣುಗಳಲ್ಲಿ ಆಗ ಕಂಡ ಗಾಬರಿ ನನಗೆ ಎಷ್ಟು ಸುಖ ಕೊಟ್ಟಿತೆಂದು ಹೇಳಲಾರೆ. ಅವನ ಸೊಂಟ ಹಿಡಿದು ಮೇಲಕ್ಕೆತ್ತಿದೆ. ಜನ ಎದ್ದು ನಿಂತರು. ಅಷ್ಟೂ ಊರುಗಳಲ್ಲಿ ನಾನು ಕಾದಿದ್ದು ಆ ಗಳಿಗೆಗೆ. ಎಸೆದರೆ ಮುಗಿಯಿತು. ಆದರೆ ಆ ನೆಲ ನನಗೆ ಗೊತ್ತಿತ್ತು. ಎಸೆದರೆ ಅವನ ಕತ್ತು ಉಳಿಯುತ್ತಿರಲಿಲ್ಲ. ಗೆಲುವು ಬೇಕಿತ್ತು, ಹೆಣ ಬೇಕಿರಲಿಲ್ಲ. ಹಾಗಾಗಿ ಮಗುವನ್ನು ಮಲಗಿಸುವ ಹಾಗೆ ಅವನನ್ನು ಮೆಲ್ಲಗೆ ಬೆನ್ನಿನ ಮೇಲೆ ಇಳಿಸಲು ಹೋದೆ. ಅವನ ಕಾಲು ನೆಲಕ್ಕೆ ತಾಗಿತು. ತಾಗಿದ್ದೇ ಅವನಿಗೆ ಗೊತ್ತಿದ್ದ ಒಂದೇ ಪಟ್ಟು ಹಾಕಿದ. ಸೊಂಟ ಕೊಟ್ಟು ನನ್ನನ್ನು ಎಸೆದ, ಊರೂರಲ್ಲಿ ನಾನೇ ಅವನಿಗೆ ರೂಢಿ ಮಾಡಿಸಿದ ಹಾಗೆ. ಬೆನ್ನಿನೊಳಗೆ ಕಬ್ಬಿನ ಜಲ್ಲೆ ಮುರಿದ ಸದ್ದಾಯಿತು.

ಸಾಹುಕಾರ ಮಟ್ಟಿಯೊಳಕ್ಕೆ ಓಡಿ ಬಂದ. ನನ್ನ ಕಡೆಗೇ ಎಂದುಕೊಂಡೆ. ಅವನು ನನ್ನನ್ನು ದಾಟಿ ಹೋಗಿ, ಅಳಿಯನ ತೋಳಿನ ಮಣ್ಣು ಒರೆಸಿ, ಕೈ ಎತ್ತಿ ಹಿಡಿದು ಜನರಿಗೆ ತೋರಿಸಿದ. ಬ್ಯಾಂಡಿನವರು ಬಾರಿಸಿದರು. ಯಾರೋ ಒಬ್ಬ ರೈತ ಬೇಲಿ ದಾಟಿ ಬಂದು, ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಕೆಮ್ಮಣ್ಣು ಸರಿಸಿ ನೋಡಿದ. “ಇದು ಮಟ್ಟಿ ಅಲ್ಲ ಕಣ್ರಪ್ಪ, ರಸ್ತೆ” ಎಂದ. ಅಷ್ಟೇ. ಜನ ಕುರ್ಚಿ ಮುರಿಯಲಿಲ್ಲ, ಗಲಾಟೆ ಮಾಡಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು.

ಆಮೇಲಿನದನ್ನು ನಾನು ಹಾಸಿಗೆಯಲ್ಲಿ ಮಲಗಿ ಕೇಳಿದೆ. ಮುಂದಿನ ಜೋಡಿ ಕಟ್ಟುವಾಗ ವೀಳ್ಯದ ತಟ್ಟೆ ಸುತ್ತು ಬಂತಂತೆ, ಒಬ್ಬನೂ ಎಲೆ ಎತ್ತಲಿಲ್ಲವಂತೆ. ತಟ್ಟೆಯಲ್ಲೇ ಎಲೆಗಳು ಬಾಡಿದವು. ಪೈಲ್ವಾನರು ಚದುರಿದರು. ತಗಡುಗಳನ್ನು ಯಾರೋ ದನದ ಕೊಟ್ಟಿಗೆಗೆ ಕೊಂಡರು. ಅಳಿಯ ಹೆಂಡತಿಯನ್ನು ಕರೆದುಕೊಂಡು ಬೆಂಗಳೂರಿಗೆ ಹೋದವನು ಮಾವನ ಮನೆಯ ಕಡೆ ತಲೆ ಹಾಕಲಿಲ್ಲ. ಮೊಮ್ಮಗುವಿನ ಮುಖವನ್ನು ಸಾಹುಕಾರ ನೋಡಲೇ ಇಲ್ಲವೆಂದು ಕೇಳಿ ನಾನು ಮಲಗಿದಲ್ಲೇ ನಕ್ಕೆ. ನಕ್ಕರೆ ಬೆನ್ನು ನೋಯುತ್ತಿತ್ತು, ಆದರೂ ನಕ್ಕೆ.

ನನ್ನನ್ನು ನೋಡಲು ಅವನು ಬರಲಿಲ್ಲ. ಬಂದವನು ನೆಲಮಂಗಲದ ಪೈಲ್ವಾನ. ಮೂಳೆ ಕಟ್ಟುವವನು ನನ್ನ ಬೆನ್ನಿನ ಚರ್ಮದೊಳಗಿನಿಂದ ಒಂದು ಕಲ್ಲು ತೆಗೆದಿದ್ದ. ಹುಣಸೆಬೀಜದಷ್ಟು ದಪ್ಪ. ಅದನ್ನು ಪೈಲ್ವಾನನ ಕೈಗೆ ಕೊಟ್ಟು, ಸಾಹುಕಾರನಿಗೆ ಮುಟ್ಟಿಸು ಎಂದೆ. ಅವನು ಮುಟ್ಟಿಸಿದ. ಸಾಹುಕಾರ ಅಂಗೈ ಚಾಚಿ ತೆಗೆದುಕೊಂಡನಂತೆ.

ಎದ್ದು ಓಡಾಡಲು ನನಗೆ ವರ್ಷಗಳೇ ಹಿಡಿದವು. ಒಂದು ಬೆಳಿಗ್ಗೆ ಕೋಲೂರಿಕೊಂಡು ಗರಡಿಯ ಕಡೆ ಹೋದೆ. ಅವನು ಹೇಗೆ ಹಾಳಾಗಿದ್ದಾನೆಂದು ಕಣ್ಣಾರೆ ನೋಡುವುದಿತ್ತು. ಬಾಗಿಲು ತೆರೆದಿತ್ತು. ಸಾಹುಕಾರ ಒಬ್ಬನೇ ಮಟ್ಟಿ ಅಗೆಯುತ್ತಿದ್ದ. ಮೈ ಬತ್ತಿಹೋಗಿತ್ತು, ಲಂಗೋಟಿ ಜೋಲುತ್ತಿತ್ತು. ಮಣ್ಣು ಮಾತ್ರ ಹಳೆಯ ದಿನಗಳ ಹಾಗೆ ಕೆಂಪಗೆ, ಎಣ್ಣೆ ಕುಡಿದು ಉಬ್ಬಿತ್ತು. ಕೋಲು ಚುಚ್ಚಿದೆ. ಗೇಣುದ್ದ ಇಳಿಯಿತು.

ಅವನ ಒಂದು ಕೆನ್ನೆ ಊದಿಕೊಂಡಿತ್ತು. ಹಲ್ಲುನೋವೇನೋ ಎಂದುಕೊಂಡೆ. ನನ್ನನ್ನು ಕಂಡು ಗುದ್ದಲಿ ಬಿಟ್ಟು, ಬಾಯಿಂದ ಏನನ್ನೋ ಅಂಗೈಗೆ ಉಗಿದು ತೋರಿಸಿದ.

“ನೀನು ಕಳ್ಸಿದ್ದೇ ಕಣೋ ಬೆಳವಂಗಲ. ದಿನಾ ಇಟ್ಕೋತೀನಿ” ಎಂದ. ಅವನ ಕಣ್ಣಲ್ಲಿ ನೀರಿತ್ತು. ನನ್ನಿಂದ ಒಂದು ಮಾತು ಬರಲಿ ಎಂದು ಕಾಯುತ್ತಿದ್ದ.

ನಾನು ಬಾಗಿಲಾಚೆಯ ಬಿಸಿಲು ನೋಡಿದೆ. “ಇನ್ನೂ ಮುದ್ದೆ ಹೊತ್ತಾಗಿಲ್ಲ ಸಾಹುಕಾರ್ರೇ. ಬಾಯಲ್ಲೇ ಇಟ್ಕೊಳಿ” ಎಂದೆ.

ಅವನು ಕಲ್ಲನ್ನು ಬಾಯಿಗೆ ಹಾಕಿಕೊಂಡು ಗುದ್ದಲಿ ಎತ್ತಿಕೊಂಡ. ನಾನು ತಿರುಗಿ ಬಂದೆ. ನಮ್ಮಿಬ್ಬರ ನಡುವಿನ ಕೊನೆಯ ಮಾತು ಅದು. ಅವನು ತೀರಿಕೊಂಡಾಗ ಹೋಗಲಿಲ್ಲ. ಆಡಿದ ಮಾತಿಗೆ ಪಶ್ಚಾತ್ತಾಪವಿದೆಯೇ ಎಂದರೆ ಇಲ್ಲ. ಆದರೆ ಅಂಥ ಮಣ್ಣನ್ನು ಹದ ಮಾಡಬಲ್ಲವನು ಈ ಸೀಮೆಯಲ್ಲಿ ಮತ್ತೊಬ್ಬ ಹುಟ್ಟಲಿಲ್ಲ. ಮೊನ್ನೆ ಆ ಗುಡ್ಡೆಯ ಪಕ್ಕ ನಿಂತಾಗ ಅವನಿಲ್ಲವಲ್ಲ ಎಂದು ನನಗೆ ಅಳು ಬಂತು. ಎರಡೂ ನಿಜ, ಏನು ಮಾಡಲಿ...

ಗುಡ್ಡೆಯಿಂದ ಒಂದು ಹಿಡಿ ಕೊಡಮ್ಮ ಎಂದು ಆ ಹೆಂಗಸನ್ನು ಕೇಳಿದೆ, ನನಗೆ ಬಗ್ಗಲಾಗುವುದಿಲ್ಲ. ಅಂಗೈಗೆ ಬಿದ್ದದ್ದೇ ತಡ, ಕೈ ತಾನಾಗಿ ಮೇಲೆದ್ದಿತು. ಕುಸ್ತಿಗೆ ಮೊದಲು ಎದುರಾಳಿಯ ಭುಜಕ್ಕೆ ಮಣ್ಣು ಎರಚುವುದು ನಮ್ಮ ಪದ್ಧತಿ. ಎದುರಿಗೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಬಂದು, ಈ ಜಿಡ್ಡು ಮಣ್ಣು ಗೋಡೆಗೂ ಆಗುವುದಿಲ್ಲ, ಗಿಡಕ್ಕೂ ಆಗುವುದಿಲ್ಲ ಎಂದು ಗೊಣಗುತ್ತಾ ಅದನ್ನೆಲ್ಲ ಟ್ರಾಕ್ಟರಿಗೆ ತುಂಬಿಸಿದ. ಎಲ್ಲಿಗೆ ಎಂದು ಕೇಳಿದೆ.

“ದೇವನಳ್ಳೀಲಿ ಒಂದು ಗುಂಡಿ ಮುಚ್ಬೇಕು ತಾತ” ಎಂದ.

ಮಣ್ಣು ಹೊರಟಿತು. ಮೇಲೆ ಒದ್ದೆ ಗೋಣಿ ಇರಲಿಲ್ಲ, ಮುಂದೆ ತಮಟೆ ಇರಲಿಲ್ಲ. ಆವತ್ತು ನಾನು ಬೀಳುವ ಹೊತ್ತಿಗೆ ಅಲ್ಲಿರಬೇಕಾಗಿದ್ದ ಮಣ್ಣು ಈಗ ದೇವನಹಳ್ಳಿಗೆ ಹೋಗುತ್ತಿತ್ತು. ಟ್ರಾಕ್ಟರು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ನಿಂತಿದ್ದೆ.