ಎಡಗೈಯಲ್ಲಿ ಉಳಿದ ಲಿಂಗ

ಶರಣ ಬಂಧುಗಳೇ, ಹೋದ ಕಾರ್ತಿಕದಲ್ಲಿ ಚನ್ನರಾಯಪಟ್ಟಣದ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಬಲಗಡೆಯ ಸೊಂಟದ ಮೂಳೆ ಮುರಿಯಿತು. ನನಗೆ ಎಪ್ಪತ್ತು ದಾಟಿದೆ. ಮಗ ಮಹೇಶ ಆಂಬುಲೆನ್ಸಿನಲ್ಲಿ ಹಾಸನದ ಆಸ್ಪತ್ರೆಗೆ ಸೇರಿಸಿದ.

ಎಕ್ಸ್‌ರೇ ನೋಡಿದ ಡಾಕ್ಟರು ಆಪರೇಷನ್ ಆಗಲೇಬೇಕು ಎಂದರು. ನನಗೆ ನಂಬಿಕೆ ಬರಲಿಲ್ಲ. ಮುದುಕಿ ತಾನೇ ಎಂದು ಕಾಲನ್ನೇ ಕತ್ತರಿಸಿಬಿಟ್ಟರೆ? ಮರುದಿನ ಬೆಳಿಗ್ಗೆ ಆಸ್ಪತ್ರೆಯವರೊಬ್ಬರು ಬಂದು ನನ್ನ ಬಲತೊಡೆಯ ಮೇಲೆ ಪೆನ್ನಿನಲ್ಲಿ ಬಾಣದ ಗುರುತು ಹಾಕಿದರು. ಬಂದವರೆಲ್ಲ "ಯಾವ ಕಾಲು ಅಜ್ಜಿ?" ಎಂದೇ ಕೇಳುತ್ತಿದ್ದರು. ಇವರಿಗೇ ಗೊತ್ತಿಲ್ಲವಲ್ಲ ಎಂದುಕೊಂಡೆ; ತಪ್ಪು ಕಾಲಿಗೆ ಕೈ ಹಾಕದಿರಲೆಂದೇ ಹಾಗೆ ಕೇಳುತ್ತಾರೆಂದು ಆಮೇಲೆ ತಿಳಿಯಿತು. ಬಾಗಿಲ ಬಳಿ ಮಗನೂ ಡಾಕ್ಟರೂ ಮೆಲ್ಲಗೆ ಮಾತಾಡಿದರೆ ಅದಕ್ಕೂ ಅನುಮಾನ.

"ಏನ್ಲಾ ಮುಚ್ಚಿಡ್ತಿದ್ದೀಯ?" ಎಂದೆ.

"ಏನೂ ಇಲ್ಲ ಕಣವ್ವ. ಇಂಗೇ ಮಲ್ಗಿದ್ರೆ ಎದೇಲಿ ಕಫ ಕಟ್ಕತದಂತೆ, ಬೆನ್ನು ಉಣ್ಣಾಯ್ತದಂತೆ. ಅದ್ಕೇ ಬೇಗ ಮಾಡ್ಬೇಕಂತೆ," ಎಂದ.

ಒಲ್ಲದ ಮನಸ್ಸಿನಿಂದ ಒಪ್ಪಿದೆ. ಆಗ ನರ್ಸಮ್ಮ ಬಂದು ಬಳೆ, ಓಲೆ ಬಿಚ್ಚಿಸಿ, ಕೊರಳಿನ ಬೆಳ್ಳಿ ಕರಡಿಗೆಗೂ ಕೈ ಹಾಕಿದಳು. ಮೈಮೇಲೆ ಲೋಹ ಇರಬಾರದಂತೆ. ಲಿಂಗಧಾರಣೆಯಾದ ದಿನದಿಂದ ಕರಡಿಗೆಯೊಳಗಿನ ಲಿಂಗ ನನ್ನ ಮೈ ಬಿಟ್ಟಿಲ್ಲ. ಅದನ್ನು ಕಿತ್ತುಕೊಳ್ಳಲೆಂದೇ ಇಷ್ಟೆಲ್ಲ ಹೂಡಿದ್ದಾರೆ ಎನ್ನಿಸಿತು.

"ಪ್ರಾಣ ಓದ್ರೂ ಸೈ, ಕೊಡಾಕಿಲ್ಲ. ಮನೇಗ್ ಕರ್ಕೊಂಡೋಗ್ಲಾ!" ಎಂದು ಕೂಗಿದೆ.

ಅರಕಲಗೂಡಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಮಗಳು ಅಳತೊಡಗಿದಳು. ನಾನು ಕಣ್ಣು ಮುಚ್ಚಿಕೊಂಡೆ. "ಶಿವ್ನೇ, ಕಾಲು ಬೇಕಾರೆ ತಕ್ಕೊ. ನೀ ಮಾತ್ರ ನನ್ ಬುಟ್ಟು ಓಗ್ಬೇಡ."

ಸ್ವಲ್ಪ ಹೊತ್ತಿಗೆ ಆಪರೇಷನ್ ಕೋಣೆಯ ಹಿರಿಯ ಸಿಸ್ಟರ್ ಬಂದರು. ಕೇರಳದ ಕಡೆಯ ಕ್ರೈಸ್ತರು. "ಅಜ್ಜಿ, ಬೆಳ್ಳಿ ಮಾತ್ರ ಬೇಡ. ಒಳಗಿರೋ ಲಿಂಗ ನೀವೇ ತೆಗೆದು ಕೈಯಲ್ಲಿ ಇಟ್ಟುಕೊಳ್ಳಿ. ನಾವು ಯಾರೂ ಮುಟ್ಟಲ್ಲ. ಡಾಕ್ಟರನ್ನ ಕೇಳಿಕೊಂಡೇ ಬಂದೆ," ಎಂದರು.

ಬಲಗೈಗೆ ಗ್ಲೂಕೋಸ್ ಹಾಕಿದ್ದರು. ದಿನವೂ ಪೂಜೆ ಮಾಡುವ ಎಡ ಅಂಗೈಯಲ್ಲೇ ಲಿಂಗವಿಟ್ಟು ಮುಷ್ಟಿ ಹಿಡಿದೆ. ಮುಷ್ಟಿಯ ಮೇಲೆ ಅವರು ಬಿಳಿ ಬ್ಯಾಂಡೇಜು ಸುತ್ತಿದರು.

ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದಿಂದ ಕೆಳಗೆ ಏನೂ ತಿಳಿಯಲಿಲ್ಲ, ಎಚ್ಚರ ಮಾತ್ರ ಇತ್ತು. ಪರದೆಯಾಚೆ ಸುತ್ತಿಗೆಯ ಸದ್ದು. ಈಚೆ ನನ್ನ ಬಾಯಲ್ಲಿ ಪಂಚಾಕ್ಷರಿ. ವಾರ್ಡಿಗೆ ಬಂದವಳೇ ಬ್ಯಾಂಡೇಜು ಬಿಚ್ಚಿಸಿ ನೋಡಿದೆ, ಲಿಂಗವಿತ್ತು. ಆಮೇಲೆ ಹೊದಿಕೆ ಸರಿಸಿ ನೋಡಿದೆ, ಎರಡೂ ಕಾಲಿದ್ದವು.

ಮಾರನೆಯ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಈಗ ಕುರ್ಚಿಯಲ್ಲಿ ಕುಳಿತು ಪೂಜೆ ಮಾಡುತ್ತೇನೆ. ಅನುಮಾನದ ಬುದ್ಧಿ ಪೂರ್ತಿ ಹೋಗಿಲ್ಲ, ಗುಳಿಗೆ ಕೊಟ್ಟರೆ ಇವತ್ತಿಗೂ ಯಾಕೆಂದು ಕೇಳುತ್ತೇನೆ. ಆದರೆ ಕರೆದರೆ ಶಿವ ಬರುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಪೂಜೆಯ ಕೊನೆಗೆ ಆ ಸಿಸ್ಟರನ್ನೂ ನೆನೆದು ಕೈ ಮುಗಿಯುತ್ತೇನೆ. ಶಿವ ಆಕೆಯನ್ನು ತಣ್ಣಗಿಟ್ಟಿರಲಿ.