ಜಮಖಾನದ ಸುತ್ತ ಬಿಳಿ ಗೆರೆ

ನಮ್ಮ ಮಗಳು ಅಂಬೆಗಾಲಿಡಲು ಶುರು ಮಾಡಿದ್ದು ಬೇಸಿಗೆ ರಜೆಯಲ್ಲಿ. ಜೂನ್‌ನಲ್ಲಿ ನನ್ನ ಸ್ಕೂಲು ತೆರೆಯುತ್ತಿತ್ತು. ಅಷ್ಟರೊಳಗೆ ಅವಳನ್ನು ನಿಶ್ಚಿಂತೆಯಿಂದ ನೆಲಕ್ಕೆ ಬಿಡಬಹುದಾದ ಒಂದು ಹಾಸು ಹುಡುಕಬೇಕಿತ್ತು. ಸಿಕ್ಕರೆ ನನ್ನ ಕೆಲಸ ಉಳಿಯುತ್ತದೆ, ಸಿಗದಿದ್ದರೆ ಇಲ್ಲ. ಹೀಗೆಂದರೆ ಕೇಳಿದವರು ನಗುತ್ತಿದ್ದರು. ನಗುವವರಿಗೆ ನಮ್ಮ ಮನೆಯ ಪರಿಸ್ಥಿತಿ ಗೊತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಚಾಮರಾಜಪೇಟೆಯ ಆ ಮನೆಯಲ್ಲಿ ಇದ್ದವರು ನಾನು, ನನ್ನ ಗಂಡ, ಮಗು ಮತ್ತು ಮಾವ. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ನಾನು ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗಂಡ ಬ್ಯಾಂಕಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಾವ ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತರಾದವರು. "ಮಗೂನ ನಾನು ನೋಡ್ಕೋತೀನಿ, ನೀನು ಕೆಲಸ ಬಿಡಬೇಡಮ್ಮ" ಎಂದು ಅವರಾಗಿಯೇ ಹೇಳಿದ್ದರು. ಆದರೆ ಆ ವರ್ಷವೇ ಅವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಭಾರ ಎತ್ತಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು, ನಮ್ಮ ಮಗಳೋ ದಿನೇ ದಿನೇ ಭಾರವಾಗುತ್ತಿದ್ದಳು. ಹಾಗಾಗಿ ಹಗಲೆಲ್ಲ ಅವಳು ನೆಲದ ಮೇಲೆ, ಮಾವ ಅವಳ ಪಕ್ಕದಲ್ಲಿ. ಕೂತಲ್ಲೇ ತಿನ್ನಿಸಬಹುದು, ಕೂತಲ್ಲೇ ಬಟ್ಟೆ ಬದಲಾಯಿಸಬಹುದು, ಅಲ್ಲೇ ಮಲಗಿಸಿ ತಟ್ಟಬಹುದು.

ತೊಂದರೆ ಇದ್ದದ್ದು ನೆಲದ್ದೇ. ಹಳೆಯ ಕೆಂಪು ಸಿಮೆಂಟಿನ ನೆಲ, ಎರಡು ತಲೆಮಾರಿನವರು ಒರೆಸಿ ಒರೆಸಿ ಮುಖ ಕಾಣುವಷ್ಟು ನುಣುಪಾಗಿತ್ತು. ದೊಡ್ಡವರೇ ಜಾರುತ್ತಿದ್ದರು. ಮಳೆ ಹಿಡಿದರೆ ಕಾಲಿಟ್ಟಲ್ಲಿ ಕೊರೆಯುತ್ತಿತ್ತು. ಮಲ್ಲೇಶ್ವರದಲ್ಲಿದ್ದ ನನ್ನ ಅಮ್ಮ ದಿನಕ್ಕೊಂದು ಸಲ ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದಳು: "ಗಂಡಸರ ಕೈಲಿ ಕೂಸು ಬಿಟ್ಟು ಹೋಗ್ತೀಯೇನೇ? ನನ್ನ ಹತ್ರ ತಂದ್ಬಿಡು. ಇಲ್ಲಾಂದ್ರೆ ಕೆಲಸ ಬಿಡು." ಅಲ್ಲಿ ಬಿಡುವುದೆಂದರೆ ಮಗು ವಾರಪೂರ್ತಿ ಅಲ್ಲೇ ಇರಬೇಕು, ನಾನು ಭಾನುವಾರ ಹೋಗಿ ನೋಡಿ ಬರಬೇಕು. ಅದು ನನಗೆ ಬೇಕಿರಲಿಲ್ಲ. ಮಾವನಿಗಂತೂ ಆ ಮಾತು ಕೇಳಿದರೇ ಮುಖ ಬಾಡುತ್ತಿತ್ತು.

ಮಾವನ ವಿಷಯ ಸ್ವಲ್ಪ ಹೇಳಬೇಕು. ಅತ್ತೆ ಹೋದ ಮೇಲೆ ಬಾಗಿಲಿಗೆ ರಂಗೋಲಿ ಇಡುತ್ತಿದ್ದವರು ಅವರೇ. ಗಂಡಸರು ರಂಗೋಲಿ ಇಡುವುದುಂಟೇ ಎಂದು ಬೀದಿಯವರು ಮೊದಮೊದಲು ಮುಸಿಮುಸಿ ನಕ್ಕರಂತೆ. ಆಮೇಲೆ ಹಬ್ಬದ ಹಿಂದಿನ ದಿನ ಅದೇ ಹೆಂಗಸರು ಬಂದು, "ಮೇಷ್ಟ್ರೇ, ಒಂದು ಹೊಸಾದು ಹೇಳ್ಕೊಡಿ" ಎಂದು ಕೇಳುವುದನ್ನು ನಾನೇ ಕಂಡಿದ್ದೇನೆ. ಮಣೆಯ ಮೇಲೆ ಕೂತು, ಚುಕ್ಕಿ ಇಡದೆ, ಒಂದೇ ಏಟಿಗೆ ಗೆರೆ ಎಳೆಯುತ್ತಿದ್ದರು. ಪೇಪರಿನ ಅಂಚು, ಹಾಲಿನ ಕೂಪನ್ನು, ಮದುವೆ ಕರೆಯೋಲೆಯ ಹಿಂಬದಿ, ಖಾಲಿ ಕಂಡಲ್ಲೆಲ್ಲ ಒಂದು ಹಕ್ಕಿಯೋ ಆನೆಯೋ ಕೂತಿರುತ್ತಿತ್ತು.

ಹಾಸಿನ ಬೇಟೆ ಶುರು ಮಾಡಿದ್ದು ನನ್ನ ಗಂಡ. ಆಗಷ್ಟೇ ಅಂಗಡಿಗಳಿಗೆ ಬರುತ್ತಿದ್ದ ಸ್ಪಂಜಿನ ಹಾಸು ತಂದರು. ಬಣ್ಣಬಣ್ಣದ ಚೌಕಗಳು, ಒಂದಕ್ಕೊಂದು ಸಿಕ್ಕಿಸುವುದು, ಪ್ರತಿ ಚೌಕದಲ್ಲೂ ಒಂದು ಇಂಗ್ಲಿಷ್ ಅಕ್ಷರ. ಕವರು ಬಿಚ್ಚಿದ ಕೂಡಲೇ ನಡುಮನೆಯ ತುಂಬ ಪೆಟ್ರೋಲ್ ಬಂಕಿನ ವಾಸನೆ. "ಹೊಸಾದಲ್ವಾ, ಬಿಸಿಲಿಗೆ ಹಾಕಿದ್ರೆ ಹೋಗುತ್ತೆ" ಎಂದರು. ಒಂದು ವಾರ ತಾರಸಿಯ ಮೇಲೆ ಒಣಗಿಸಿದೆವು. ವಾಸನೆ ಹೋಗುವ ಬದಲು ಒಣಹಾಕಿದ್ದ ಹಪ್ಪಳಕ್ಕೂ ಹತ್ತಿತು. ಅಷ್ಟರಲ್ಲಿ ಮಗಳು ಎ ಅಕ್ಷರದ ಹೊಟ್ಟೆಯೊಳಗಿದ್ದ ಪುಟ್ಟ ತ್ರಿಕೋನವನ್ನು ಕಿತ್ತು ಬಾಯಿಗೆ ಹಾಕಿಕೊಂಡಿದ್ದಳು. ಬೆರಳು ಹಾಕಿ ತೆಗೆದೆ. ಅಕ್ಷರಾಭ್ಯಾಸ ಇಷ್ಟು ಬೇಗ ಬೇಡ ಎಂದು ಇಡೀ ಕಟ್ಟನ್ನು ಅಟ್ಟಕ್ಕೆ ಏರಿಸಿದೆ.

ಅಮ್ಮ ಊರಿನಿಂದ ತರಿಸಿದ ಚಾಪೆ ಕಳಿಸಿದಳು. ಗುಲಾಬಿ, ಹಸಿರು ಪಟ್ಟೆಯ ಚಾಪೆ, ನೋಡಲು ಲಕ್ಷಣವಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಬಟ್ಟೆ ಗುಲಾಬಿಯಾಯಿತು. ಉಚ್ಚೆ ಹೊಯ್ಯುವ, ಜೊಲ್ಲು ಸುರಿಸುವ, ಅದೇ ಕೈಯನ್ನು ಬಾಯಿಗಿಟ್ಟುಕೊಳ್ಳುವ ಮಗುವಿಗೆ ಆ ಬಣ್ಣ ಹೊಟ್ಟೆಗೇ ಹೋಗುತ್ತಿತ್ತು. ಫೋನಿನಲ್ಲಿ ಹೇಳಿದೆ. "ನಿಮ್ಮನ್ನೆಲ್ಲ ಅದರ ಮೇಲೇ ಬೆಳೆಸಿದ್ದು, ಏನಾಗಿದೆ ನಿಂಗೆ?" ಎಂದು ಅಮ್ಮ ಕೇಳಿದಳು. ಏನಾಗಿದೆ ಎಂದು ನನ್ನ ಗಂಡನನ್ನು ಕೇಳಬೇಕಿತ್ತು. ಚಾಪೆಯೂ ಅಟ್ಟ ಸೇರಿತು. ರೆಕ್ಸಿನ್ ನೋಡಿದೆ, ಬೆವರಿಗೆ ಅಂಟುತ್ತಿತ್ತು. ಪ್ಲಾಸ್ಟಿಕ್ ಚಾಪೆಯ ಅಂಚು ಬಿಚ್ಚಿಕೊಂಡು ಕೆನ್ನೆಗೆ ಚುಚ್ಚುವಂತಿತ್ತು. ಜೂನ್ ಹತ್ತಿರ ಬಂತು.

ಕೊನೆಗೆ ಮಾವನನ್ನು ಕರೆದುಕೊಂಡು ಮಾಮೂಲ್‌ಪೇಟೆಗೆ ಹೋದೆ. ಅಲ್ಲೊಂದು ಸಣ್ಣ ಅಂಗಡಿ, ನೆಲದಿಂದ ಸೂರಿನವರೆಗೂ ಜಮಖಾನ. ಅಂಗಡಿಯಾತ ಒಂದೊಂದೇ ಬಿಡಿಸಿ ಹಾಕಿದ. ನಾನು ಮೊದಲು ಮೂಸಿದೆ, ಆಮೇಲೆ ಕರವಸ್ತ್ರ ಒದ್ದೆ ಮಾಡಿ ಉಜ್ಜಿದೆ, ಕೊನೆಗೆ ಒಂದು ಮೂಲೆಯನ್ನು ಬಾಯಿಗಿಟ್ಟು ಕಚ್ಚಿದೆ. ಮಾವ ಬೀದಿಯ ಕಡೆ ತಿರುಗಿ, ಯಾರಾದರೂ ಪರಿಚಯದವರು ಬಂದಾರೇ ಎಂದು ನೋಡುತ್ತ ನಿಂತರು.

"ಅಮ್ಮಾ, ಅದು ತಿನ್ನೋ ಸಾಮಾನಲ್ಲ" ಎಂದ ಅಂಗಡಿಯಾತ.

"ನಮ್ಮನೇಲಿ ತಿನ್ನೋರಿದಾರೆ" ಎಂದೆ.

ಮಾವನಿಗೆ ನಗು ಬಂದು ಈಚೆ ತಿರುಗಿದರು. ಆಮೇಲೆ ಅವರೂ ಕೂತು ಒಂದೊಂದನ್ನೇ ಬೆರಳಲ್ಲಿ ಹೊಸಕಿ ನೋಡಿದರು. "ಬಣ್ಣ ಇರೋದು ಬೇಡಮ್ಮ, ಅದರಲ್ಲೂ ಹಸಿರು ನಂಬಬೇಡ. ಬ್ರಷ್ ನೆಕ್ಕಬೇಡ್ರೋ, ಹೊಟ್ಟೆಗೆ ವಿಷ ಹೋಗುತ್ತೆ ಅಂತ ಜೀವಮಾನ ಪೂರ್ತಿ ಹುಡುಗರಿಗೆ ಬೈದಿದೀನಿ ನಾನು" ಎಂದರು. ಬಣ್ಣ ಹಾಕದ, ಹಾಲಿನ ಕೆನೆಯಂಥ, ದಪ್ಪ ನೂಲಿನ ಒಂದು ಜಮಖಾನ ತೆಗೆಸಿದರು. ಗಂಜಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಮನೆಗೆ ತಂದು ಬಿಸಿನೀರಿನಲ್ಲಿ ಎರಡು ಸಲ ಒಗೆದೆ. ಜಾರದಿರಲೆಂದು ಮಾವ ಮೂಲೆಗಳಿಗೆ ಲಾಡಿ ಹೊಲಿದು, ಕಿಟಕಿಯ ಸರಳಿಗೂ ಬೆಂಚಿನ ಕಾಲಿಗೂ ಬಿಗಿದರು. ಮಗಳು ಅದರ ಮೇಲೆ ಬೋರಲು ಬಿದ್ದು ಇಡೀ ಮಧ್ಯಾಹ್ನ ಒಂದು ಅಂಚನ್ನು ಚೀಪಿದಳು. ನಾನು ನೋಡುತ್ತ ಕೂತೆ. ಇಷ್ಟು ನೆಮ್ಮದಿ ನನಗೆ ಎಷ್ಟೋ ತಿಂಗಳಿಂದ ಇರಲಿಲ್ಲ.

ಸ್ಕೂಲು ತೆರೆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮಗಳು ಕೇಳಿರಲಿಲ್ಲವಾಗಿ ಆಗಾಗ ಜಮಖಾನ ದಾಟಿ ಹೊರಡುತ್ತಿದ್ದಳು. ಮಾವ ತಮ್ಮ ಊರುಗೋಲು ಅಡ್ಡ ಹಿಡಿದು, ಬಣ್ಣದ ಡಬ್ಬಿ ಅಲ್ಲಾಡಿಸಿ ಹಿಂದಕ್ಕೆ ಕರೆಯುತ್ತಿದ್ದರು. ಮೂರು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಇರುವೆ ಬಂದವು. ರಾಗಿ ಸರಿಯನ್ನು ಅಲ್ಲೇ ತಿನ್ನಿಸುತ್ತಿದ್ದರಿಂದ ಅದು ಚೆಲ್ಲಿ, ಎಷ್ಟು ಒರೆಸಿದರೂ ಬೆಲ್ಲದ ಜಿಗುಟು ಉಳಿದು, ಕೆಂಪಿರುವೆಗಳಿಗೆ ದಾರಿಯಾಯಿತು. ಒಂದು ದಿನ ಮಗುವಿನ ತೊಡೆಯ ಮೇಲೆ ದದ್ದು ಕಂಡು ಮಾವ ಊಟ ಸರಿಯಾಗಿ ಮಾಡಲಿಲ್ಲ.

ಮಾರನೆಯ ದಿನ ಶನಿವಾರ, ಅರ್ಧ ದಿನದ ಸ್ಕೂಲು. ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಒಳಗೆ ಬಂದೆ. ಕೆಂಪು ನೆಲದ ಮೇಲೆ, ಜಮಖಾನದ ಸುತ್ತ ಒಂದು ಬಿಳಿ ಗೆರೆ ಕಂಡಿತು. ಸ್ಕೇಲಿಟ್ಟು ಎಳೆದಷ್ಟು ನೇರ, ನಾಲ್ಕು ಮೂಲೆಗೂ ಬಳ್ಳಿಯ ಸುರುಳಿ. ಮಾವ ಸರಿಯ ಬಟ್ಟಲು ತೊಳೆದು ಅಡುಗೆಮನೆಯಿಂದ ಬರುತ್ತಿದ್ದರು. "ನೋಡಮ್ಮ, ಇನ್ನು ಒಂದು ಇರುವೆ ಬರಲ್ಲ" ಎಂದರು. ಮಗಳು ನನ್ನನ್ನು ನೋಡಿ ನಕ್ಕಳು. ಅವಳ ಅಂಗೈ, ತುಟಿ, ಗಲ್ಲ ಎಲ್ಲ ಬೆಳ್ಳಗಾಗಿದ್ದವು.

ಅದು ಇರುವೆ ಸೀಮೆಸುಣ್ಣ. ಅಕ್ಕಿ ಡಬ್ಬಿಯ ಸುತ್ತ, ಸಕ್ಕರೆ ಡಬ್ಬಿಯ ಸುತ್ತ ಗೆರೆ ಎಳೆಯಲೆಂದು ನಮ್ಮ ಅಡುಗೆಮನೆಯ ಗೂಡಿನಲ್ಲಿ ಮೊದಲಿಂದಲೂ ಇತ್ತು. ಆ ಬೀದಿಯಲ್ಲಿ ಅದಿಲ್ಲದ ಮನೆ ಇರಲಿಲ್ಲ. ಜಮಖಾನಗಳನ್ನು ಮೂಸಿ, ಉಜ್ಜಿ, ಕಚ್ಚಿ ನೋಡಿದ ನಮ್ಮ ಮನೆಯಲ್ಲಿ ಅದನ್ನು ವಿಷ ಎಂದು ಯಾರೂ ಕರೆದಿರಲಿಲ್ಲ. ಇರುವೆ ಮದ್ದು ಇರುವೆಗೆ, ಅಷ್ಟೇ. ಮತ್ತೆ ಮಾವನ ಕೈಗೆ ಸೀಮೆಸುಣ್ಣವೆಂದರೆ ಸೀಮೆಸುಣ್ಣ. ಮೂವತ್ತು ವರ್ಷ ಅದನ್ನೇ ಹಿಡಿದ ಕೈ.

ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಓಡಿ ಬಾಯಿ, ಕೈ ತೊಳೆದೆ. ಆಟೋದಲ್ಲಿ ಕೂತಾಗ ನೋಡಿದರೆ ಮಾವನೂ ಪಕ್ಕದಲ್ಲಿದ್ದರು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೈಯಲ್ಲಿ ಸೀಮೆಸುಣ್ಣದ ಪ್ಯಾಕೆಟ್ಟು ಹಿಡಿದಿದ್ದರು. ಮುಖ್ಯರಸ್ತೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಅದನ್ನು ಓದಿ, ಮಗುವಿನ ಕಣ್ಣು, ಬಾಯಿ, ಉಸಿರು ನೋಡಿದರು. "ವಾಂತಿ ಮಾಡ್ಸೋಕೆ ಹೋಗ್ಬೇಡಿ. ಸ್ವಲ್ಪ ನೆಕ್ಕಿರಬೇಕು ಅಷ್ಟೆ. ಸಂಜೆವರೆಗೂ ಇಲ್ಲೇ ಕೂತಿರಿ, ನೋಡೋಣ" ಎಂದರು. ಕೂತೆವು. ನನಗೆ ವಿಪರೀತ ಸಿಟ್ಟು ಬಂದಿತ್ತು. ಮಾವನ ಮೇಲೋ, ಇರುವೆಯ ಮೇಲೋ, ಆ ಪ್ಯಾಕೆಟ್ಟಿನ ಮೇಲೋ ತಿಳಿಯದೆ ಗೋಡೆ ನೋಡುತ್ತಿದ್ದೆ. ಮಾವ ಮಗುವಿನ ಎದೆಯನ್ನೇ ನೋಡುತ್ತಿದ್ದರು, ಅದು ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು. ಮಗಳು ಡಾಕ್ಟರ ಮೇಜಿನ ಕರೆಗಂಟೆ ಕಸಿದುಕೊಂಡು ಬಡಿಯುತ್ತಿದ್ದಳು. ಸಂಜೆ ಡಾಕ್ಟರು, "ಏನೂ ಆಗಿಲ್ಲ, ಮನೆಗೆ ಕರ್ಕೊಂಡ್ಹೋಗಿ. ಗಂಟೆ ಮಾತ್ರ ಇಲ್ಲೇ ಬಿಡಿ" ಎಂದರು.

ಮನೆಗೆ ಬಂದ ಮೇಲೆ ಮಾವ ಮಣೆಯ ಮೇಲೆ ಕೂತು ನೆಲವನ್ನು ಸೋಪು ಹಾಕಿ ತಿಕ್ಕಿದರು. ನಾವು ಬೇಡವೆಂದರೂ ಬಿಡಲಿಲ್ಲ. ಅಮ್ಮನಿಗೆ ಸುದ್ದಿ ತಲುಪಿತು. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಈ ವಯಸ್ಸಲ್ಲಿ ಅವರಿಗೆ ಹೇಳ್ಕೊಡಕ್ಕಾಗುತ್ತಾ? ನಾಳೆನೇ ಕರ್ಕೊಂಡ್ಬಾ" ಎಂದಳು. ಭಾನುವಾರ ಬೆಳಿಗ್ಗೆ ಮಾವನೂ ಅದನ್ನೇ ಹೇಳಿದರು. "ನಿಮ್ಮಮ್ಮ ಹೇಳೋದೇ ಸರಿ. ಅಲ್ಲೇ ಬಿಟ್ಬಿಡಮ್ಮ. ನನಗೆ ಧೈರ್ಯ ಇಲ್ಲ." ಗಂಡ ನನ್ನ ಮುಖ ನೋಡಿದರು.

ಭಾನುವಾರವಿಡೀ ಯೋಚಿಸಿದೆ. ಅಮ್ಮನ ಮನೆಯ ಅಡುಗೆಮನೆಯಲ್ಲೂ ಗೂಡಿತ್ತು, ಗೂಡಿನಲ್ಲಿ ಅದೇ ಪ್ಯಾಕೆಟ್ಟು ಇತ್ತು. ನಮ್ಮ ಗೂಡಿನಲ್ಲಿದ್ದದ್ದನ್ನು ಭದ್ರವಾಗಿ ಸುತ್ತಿ ಕಸಕ್ಕೆ ಹಾಕಿಯಾಗಿತ್ತು. ಇನ್ನು ಆ ಮಗುವನ್ನು ಮಾವನಷ್ಟು ಹೆದರಿ ಹೆದರಿ ನೋಡಿಕೊಳ್ಳುವವರು ಇಡೀ ಬೆಂಗಳೂರಿನಲ್ಲಿ ಯಾರೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಮಗಳನ್ನು ಜಮಖಾನದ ಮೇಲೆ ಕೂರಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡೆ. "ಮಾವ, ಹನ್ನೊಂದಕ್ಕೆ ಸರಿ ತಿನ್ನಿಸಿ. ಇಲ್ಲಿ ಬೇಡ, ಹಿತ್ತಿಲ ಮೆಟ್ಟಿಲ ಹತ್ರ ಕೂತ್ಕೊಳ್ಳಿ. ಅವಳು ತಾನಾಗೇ ಅಂಬೆಗಾಲಲ್ಲಿ ಬರ್ತಾಳೆ. ಚೆಲ್ಲಿದ್ದನ್ನ ಇರುವೆ ಅಲ್ಲೇ ತಿನ್ಕೊಂಡು ಹೋಗ್ಲಿ" ಎಂದೆ. ಅವರು ತಲೆಯಾಡಿಸಿದರು. ನಾನು ಚಪ್ಪಲಿ ಹಾಕಿಕೊಂಡು ಗೇಟು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದರು.

ಮಗು ಉಳಿಯಿತು, ಕೆಲಸ ಉಳಿಯಿತು. ಆದರೆ ಮಾವ ಗೆರೆ ಎಳೆಯುವುದನ್ನು ನಿಲ್ಲಿಸಿಬಿಟ್ಟರು. ಬಾಗಿಲಿಗೆ ರಂಗೋಲಿ ಇಡಲಿಲ್ಲ. ಗಡಿಬಿಡಿಯಲ್ಲಿ ನಾನೇ ನಾಲ್ಕು ಗೀಟು ಗೀಚಿ ಸ್ಕೂಲಿಗೆ ಓಡುತ್ತಿದ್ದೆ. ಅದನ್ನು ರಂಗೋಲಿ ಎಂದು ಕರೆಯಲು ಬೀದಿಯವರು ತುಂಬ ಒಳ್ಳೆಯವರಾಗಿರಬೇಕಿತ್ತು. ಪೇಪರಿನ ಅಂಚು ಖಾಲಿಯಾಗಿಯೇ ರದ್ದಿಗೆ ಹೋಗುತ್ತಿತ್ತು. "ಯಾಕೆ ಮಾವ, ಬಿಟ್ಟೇಬಿಟ್ರಾ?" ಎಂದು ಒಮ್ಮೆ ಕೇಳಿದೆ. "ಬೆನ್ನು ನೋವಮ್ಮ" ಎಂದರು. ಬೆನ್ನು ನೋವಿನವರು ಮಗುವಿನ ಹಿಂದೆ ಹಿತ್ತಿಲವರೆಗೂ ಹಾಗೆ ನಡೆದಾಡುವುದಿಲ್ಲ.

ಮಗಳು ನಡೆಯಲು, ಮಾತಾಡಲು ಕಲಿತಳು. ಜಮಖಾನ ಒಗೆದು ಒಗೆದು ಮೆತ್ತಗಾಯಿತು. ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ನಾನು ಸ್ಕೂಲಿನಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ಅವಳು ನನ್ನ ಬ್ಯಾಗಿಗೆ ಕೈ ಹಾಕಿ ಒಂದು ತುಂಡು ಚಾಕ್‌ಪೀಸು ತೆಗೆದಳು, ತರಗತಿಯಲ್ಲಿ ನಾನು ಬಳಸಿ ಉಳಿಸಿಕೊಂಡಿದ್ದ ತುಂಡು. ನೇರ ಮಾವನ ಹತ್ತಿರ ಹೋಗಿ ಅವರ ಬೆರಳು ಹಿಡಿದು ಎಳೆದಳು.

"ತಾತ, ಆನೆ ಬರಿ."

ಮಾವ ಕೈ ಹಿಂದಕ್ಕೆ ತೆಗೆದುಕೊಂಡರು. ಅವಳ ಮುಷ್ಟಿಯನ್ನು, ಆಮೇಲೆ ನನ್ನನ್ನು ನೋಡಿದರು. ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ಎದ್ದು ಹೋಗಿ ಮಗಳ ಕೈಯಿಂದ ಚಾಕ್‌ಪೀಸು ತೆಗೆದುಕೊಂಡು, ಮಾಮೂಲ್‌ಪೇಟೆಯಲ್ಲಿ ಜಮಖಾನ ಕಚ್ಚಿದ ಹಾಗೆಯೇ, ಅವರ ಎದುರಿಗೇ ನಾಲಿಗೆಗಿಟ್ಟು ನೆಕ್ಕಿದೆ. ಬರೀ ಸುಣ್ಣ. ಸೆರಗಿನಲ್ಲಿ ಒರೆಸಿ ಅವರ ಕೈಗೆ ಕೊಟ್ಟೆ.

ಮಾವ ಅದನ್ನು ಬೆರಳ ನಡುವೆ ಸ್ವಲ್ಪ ಹೊತ್ತು ಹೊರಳಿಸಿದರು. ಆಮೇಲೆ ತಾವೂ ಒಮ್ಮೆ ನಾಲಿಗೆಗೆ ಮುಟ್ಟಿಸಿಕೊಂಡು ನೋಡಿ, ಮೆಲ್ಲಗೆ ಕೆಳಗೆ ಕೂತು, ಜಮಖಾನದ ಪಕ್ಕದ ಕೆಂಪು ನೆಲದ ಮೇಲೆ ಆನೆ ಬರೆದರು.