ನಾಲ್ಕು ಬೆಂಡುಗಳಲ್ಲಿ ಎರಡು

ಮೊನ್ನೆ ಕಾರಿನ ಡಿಕ್ಕಿ ಗುಡಿಸುವಾಗ ಮೂಲೆಯಲ್ಲಿ ಗಾಳದ ಬೆಂಡೊಂದು ಸಿಕ್ಕಿತು. ನಿಂಬೆಹಣ್ಣಿಗಿಂತ ಚಿಕ್ಕದು, ಕಿತ್ತಳೆ ಬಣ್ಣದ್ದು. ಕೈಗೆತ್ತಿಕೊಂಡದ್ದೇ ತಡ ಎದೆ ಧಸಕ್ಕೆಂದಿತು. ವರ್ಷ ಕಳೆದರೂ ಈ ಎದೆಗೆ ಬುದ್ಧಿ ಬಂದಿಲ್ಲ.

ಮೀನು ತಿನ್ನದ ನನ್ನಂಥ ಮೈಸೂರಿನವಳ ಕಾರಿನಲ್ಲಿ ಗಾಳದ ಸಾಮಾನು ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಗಂಗಕ್ಕನೇ ಕಾರಣ. ಬೆಳಗಾವಿ ಕಡೆಯವರು, ನರ್ಸು. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಫ್ಲ್ಯಾಟಿನಲ್ಲಿದ್ದರು. ನನ್ನ ಬಾಣಂತನದಲ್ಲಿ ಡ್ಯೂಟಿ ಮುಗಿಸಿ ಬಂದು ಮಗುವಿಗೆ ಎಣ್ಣೆ ಹಚ್ಚಿದವರು ಅವರೇ. ರಿಟೈರಾಗಿ ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ಮನೆ ಕೊಂಡರು. ಎರಡು ವರ್ಷದ ನಂತರ ಗಂಡನ ಕೆಲಸದ ನೆಪದಲ್ಲಿ ನಾವೂ ಅಲ್ಲಿಗೇ ಹೋದೆವು. ಹೋಗಿ ನೋಡಿದರೆ ಅವರ ಅಂಗಳದಲ್ಲಿ ತಗಡಿನ ಪುಟ್ಟ ದೋಣಿ ನಿಂತಿತ್ತು. ಒಬ್ಬರಿಗೆ ಎರಡೇ ಗಾಳ ಎಂಬ ನಿಯಮವಿರುವುದರಿಂದ ತಮ್ಮ ಎರಡು ಕೋಲಿನ ಜೊತೆಗೆ ಇನ್ನೆರಡು ಹಾಕಲು ಅವರಿಗೊಂದು ಜನ ಬೇಕಿತ್ತು. ಆ ಜನ ನಾನಾದೆ. ದೋಣಿಯಲ್ಲಿ ನನ್ನ ಕೆಲಸ ಫ್ಲಾಸ್ಕಿನ ಕಾಫಿ ಬಗ್ಗಿಸುವುದು, ಹುಳು ನೋಡಿ ಮುಖ ಸಿಂಡರಿಸುವುದು.

ದೋಣಿಯನ್ನು ನಡಿಗೆಯ ವೇಗದಲ್ಲಿ ಬಿಟ್ಟು, ಹಿಂದೆ ನಾಲ್ಕು ದಾರ ಎಳೆದುಕೊಂಡು ಕೆರೆ ಸುತ್ತುವುದು ಅವರ ಪದ್ಧತಿ. ಹಿಡಿಯುವುದು ರೆಡ್‌ಫಿನ್ ಎಂಬ ಪಟ್ಟೆಪಟ್ಟೆ ಮೀನು. ಬೆಂಡು ಇಲ್ಲದಿದ್ದರೆ ದೋಣಿ ತಿರುಗಿದಾಗ ಒಳಬದಿಯ ದಾರ ಸಡಿಲಾಗಿ ಗಾಳ ತಳಕ್ಕಿಳಿದು ಪಾಚಿಗೆ ಸಿಕ್ಕಿಕೊಳ್ಳುತ್ತದೆ. ಬೆಂಡು ನೀರ ಮೇಲೆ ತೇಲುತ್ತ ಅದನ್ನು ಇಟ್ಟ ಆಳದಲ್ಲೇ ಹಿಡಿದಿರುತ್ತದೆ, ಮೀನು ಕಚ್ಚಿದರೆ ಮುಳುಗುತ್ತದೆ. ಯಾವ ಕೋಲಿಗೆ ಮೀನು ಬಿತ್ತೆಂದು ತಿಳಿಯಲು ನಾಲ್ಕಕ್ಕೂ ಬೇರೆ ಬೇರೆ ಬಣ್ಣ. ನಾವು ಕೂತಂತೆ ಎಡತುದಿಗೆ ಕಿತ್ತಳೆ, ಪಕ್ಕದಲ್ಲಿ ಹಳದಿ. ಬಲಕ್ಕೆ ಕೆಂಪು, ಬಿಳಿ. ನಾವಿಬ್ಬರೂ ಹಿಂದಕ್ಕೆ ಮುಖಮಾಡಿ ಕೂತು ಅವನ್ನೇ ನೋಡುತ್ತಿದ್ದೆವು. ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ನಾನು ಆ ಬಣ್ಣಗಳನ್ನು ಬಾಯಿಪಾಠ ಮಾಡಿದ್ದೆ.

ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ ಕೆರೆಯ ಗೇಟು ದಾಟುವಾಗ ಗಂಗಕ್ಕ ನಡೆಸುತ್ತಿದ್ದ ಕಾರಿನ ಎಡಗನ್ನಡಿ ಕಂಬಕ್ಕೆ ತಾಗಿ ಮಡಚಿಕೊಂಡಿತು. ವಯಸ್ಸಾಯಿತು ನಿಮಗೆ ಎಂದು ನಾನು ರೇಗಿಸಿದೆ. ಅವರೂ ನಕ್ಕರು. ನೀರಿಗಿಳಿದ ಮೇಲೆ ಗಂಟೆಗಟ್ಟಲೆ ಏನೂ ಸಿಗಲಿಲ್ಲ. ಕೊನೆಗೊಮ್ಮೆ ಗಂಗಕ್ಕನೇ, ಕಿತ್ತಳೆ ಮುಳುಗಿತು, ಎಳೆ ಎಂದರು. ಎಳೆದೆ. ಅಂಗೈಯಗಲದ ಮೀನು. ಗಂಡನಿಗೆ ಕಳಿಸಲು ಫೋಟೊ ತೆಗೆದೆ.

ಸ್ವಲ್ಪ ಹೊತ್ತಿಗೆ ಕಿತ್ತಳೆ ಬೆಂಡು ಮತ್ತೆ ಮುಳುಗಿತು. ಅವರು ಕದಲಲಿಲ್ಲ.

"ಗಂಗಕ್ಕ, ಆರೆಂಜ್ ಹೋಯ್ತು ನೋಡಿ."

"ಯಾವುದು?" ಎಂದರು. ನೇರ ಅತ್ತಲೇ ನೋಡುತ್ತಿದ್ದರು. ತಮಾಷೆ ಎಂದುಕೊಂಡು ನಾನು ಕೈತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿಕೊಂಡರು, ಆಮೇಲೆ ಇನ್ನೊಂದು.

"ನೀರಾಗ ಎಷ್ಟು ಬೆಂಡು ಅದಾವ?"

"ನಾಲ್ಕು."

"ನನಗ ಎರಡ ಕಾಣಾಕತ್ತಾವ. ಯಾವ ಕಣ್ಣು ಮುಚ್ಚಿದ್ರೂ ಅಷ್ಟ. ಇದು ಕಣ್ಣಿಂದಲ್ಲ, ತಲಿದು. ಟೈಮ್ ನೋಡಿ ನೆನಪಿಡು."

ನಲವತ್ತು ವರ್ಷ ರೋಗಿಗಳ ವಿಷಯ ಹೇಳಿದ ದನಿಯಲ್ಲೇ ತಮ್ಮ ವಿಷಯವನ್ನೂ ಹೇಳಿದರು. ದಾರ ಸುತ್ತುತ್ತ ಕೂರಬೇಡ, ಕತ್ತರಿಸು ಎಂದರು. ಕತ್ತರಿಸಿದೆ. ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ದೋಣಿಯ ಮೋಟಾರನ್ನು ನಾನೇ ಹಿಡಿದೆ, ಅಲ್ಲಿಯವರೆಗೆ ಅದನ್ನು ಮುಟ್ಟಿದವಳಲ್ಲ. ಅದರ ಹಿಡಿಯನ್ನು ಎಡಕ್ಕೆ ನೂಕಿದರೆ ದೋಣಿ ಬಲಕ್ಕೆ ಹೋಗುತ್ತದೆ ಎಂಬುದೂ ಗೊತ್ತಿರಲಿಲ್ಲ. ದಡ ಬಿಟ್ಟು ಕೆರೆಯ ನಡುವಿಗೇ ಹೊರಟಿದ್ದೆ. ಗಂಗಕ್ಕ ನನ್ನ ಮುಂಗೈ ಹಿಡಿದು ತಿರುಗಿಸಿದರು. ಆ ಹೊತ್ತಿಗೆ ಅವರ ಮಾತು ತುಸು ತೊದಲುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನನ್ನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಇವರಿಗೆ ಎಲ್ಲ ಸರಿ ಕಾಣುತ್ತಿತ್ತು ಎಂದು ಖಾತ್ರಿಯಾಗಿ ಗೊತ್ತಿರುವುದು ಕೊನೆಯದಾಗಿ ಯಾವಾಗ? ಇದು ಸ್ಟ್ರೋಕ್, ಮೆದುಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿ ಇದೆ, ಆದರೆ ಹೊತ್ತು ಮೀರಿದ್ದರೆ ಅದೇ ತಲೆಯೊಳಗೆ ರಕ್ತ ಸುರಿಸಬಹುದು ಎಂದರು. ನಾನು ದೋಣಿಯಲ್ಲಿ ನೋಡಿಟ್ಟುಕೊಂಡ ಸಮಯ ಹೇಳಲು ಬಾಯಿ ತೆರೆದೆ. ಆಗ ಕಣ್ಣಮುಂದೆ ಬಂದದ್ದು ಕಂಬಕ್ಕೆ ತಾಗಿದ ಎಡಗನ್ನಡಿ. ಎಡಗಡೆ ಬೆಳಿಗ್ಗೆಯಿಂದಲೇ ಕಾಣುತ್ತಿರಲಿಲ್ಲವೇ? ಒಂದು ಗಂಟೆ ಹೈವೇಯಲ್ಲಿ ನನ್ನನ್ನು ಕೂರಿಸಿಕೊಂಡು ಹಾಗೇ ಬಂದರೇ? ಅದಕ್ಕೇ ನಾನು ನಕ್ಕೆನೇ? ಹೇಳಿದರೆ ಔಷಧಿ ತಪ್ಪುತ್ತದೆ, ಮುಚ್ಚಿಟ್ಟರೆ ಜೀವವೇ ಹೋಗಬಹುದು.

ಕನ್ನಡಿಯ ವಿಷಯ ಹೇಳಿಬಿಟ್ಟೆ. ಡಾಕ್ಟರು ಬರೆಯುತ್ತಿದ್ದ ಕೈ ನಿಲ್ಲಿಸಿದರು. ಆಗ ನೆನಪಾಯಿತು: ಮೊದಲ ಸಲ ಕಿತ್ತಳೆ ಮುಳುಗಿದ್ದನ್ನು ಕಂಡವರು ನಾನಲ್ಲ, ಗಂಗಕ್ಕ. ಎಡಗಡೆಯ ತುತ್ತತುದಿಯ ಬೆಂಡು ಅದು, ಅಂದರೆ ಆಗ ಅವರಿಗೆ ಎಡಗಡೆ ಕಾಣುತ್ತಿತ್ತು. ಫೋನು ತೆಗೆದು ಮೀನಿನ ಫೋಟೊ ತೋರಿಸಿದೆ. ಅದರ ಮೇಲೆ ಗಂಟೆ, ನಿಮಿಷ ಎರಡೂ ಇದ್ದವು. ಡಾಕ್ಟರು ಇನ್ನೆರಡು ಪ್ರಶ್ನೆ ಕೇಳಿ, ಫೋಟೊವನ್ನು ಮತ್ತೊಮ್ಮೆ ನೋಡಿ, ಒಳಗೆ ಓಡಿದರು. ಔಷಧಿ ಕೊಟ್ಟರು.

ಗಂಗಕ್ಕ ಬದುಕಿದರು. ಮಾತು ಪೂರ್ತಿ ಮರಳಿತು, ನೋಟ ಬಹುಪಾಲು. ಎಡಗಡೆ ಮೇಲ್ತುದಿಯಲ್ಲೊಂದು ಚೂರು ಮಾತ್ರ ಬರಲೇ ಇಲ್ಲ. ಲೈಸೆನ್ಸ್ ಹೋಯಿತು. ಹಾಗಾಗಿ ಈಗ ಶನಿವಾರಗಳಂದು ಕೆರೆಗೆ ಹೋಗುವಾಗ ಕಾರು ನನ್ನದು, ಡ್ರೈವರೂ ನಾನೇ.

ಕಳೆದ ವಾರ ದಾರಿಯಲ್ಲಿ, ಅವತ್ತು ಎಡಗಡೆ ಕಪ್ಪಗೆ ಕಂಡಿತ್ತಾ ಎಂದು ಕೇಳಿದೆ. ಇಷ್ಟು ದಿನ ಕೇಳಲು ಧೈರ್ಯ ಬಂದಿರಲಿಲ್ಲ.

"ಕತ್ತಲಿ ಅನ್ನೋದ ಇರಲಿಲ್ಲ," ಎಂದರು. "ಕೆರಿ ಪೂರಾ ಇತ್ತು, ದಂಡಿ ಇತ್ತು, ಎಲ್ಲಾ ಇತ್ತು. ನೀ ಹೇಳದಿದ್ರ ನಾವು ಎರಡ ಬೆಂಡು ಬಿಟ್ಟೀವಿ ಅಂತ ತಿಳ್ಕೊಂಡಿರತಿದ್ದೆ."

ಮುಂದಿನ ಕೂಡುರಸ್ತೆಯಲ್ಲಿ ಗಾಡಿ ಪೂರ್ತಿ ನಿಲ್ಲಿಸಿ, ಕತ್ತು ತಿರುಗಿಸಿ ಎರಡೂ ಕಡೆ ನೋಡಿದೆ. ರಸ್ತೆ ಖಾಲಿಯಿತ್ತು. ಹಿಂದಿನ ಕಾರಿನವರು ಹಾರ್ನ್ ಹೊಡೆದರು. ನಾನು ಇನ್ನೊಮ್ಮೆ ನೋಡಿದೆ.